ಬಂದ ಕಾಯಿಯಲ್ಲೇ ಆಡುವ ಶಟ್ಟೆಪ್ಪ

ಯರಗಟ್ಟಿ ಬಸ್‌ಸ್ಟ್ಯಾಂಡಿನ ಎದುರಿಗಿರುವ ದರ್ಜಿ ಶಟ್ಟೆಪ್ಪನವರ ಅಂಗಡಿಗೆ ಹೋದವರು ಮೊದಲು ಅವರ ಜೊತೆ ಅವರ ಮೊಬೈಲಿನಲ್ಲಿ ಒಂದಾಟ ಚದುರಂಗ ಆಡಬೇಕು, ಅಳತೆ ಆಮೇಲೆ. ಅದು ನಮಗೆ ಗೊತ್ತಿರುವ ಚದುರಂಗವಲ್ಲ. ಪ್ರತಿ ಆಟಕ್ಕೂ ಬೇರೆಬೇರೆ ಕಾಯಿಗಳು ಬರುತ್ತವೆ: ಒಮ್ಮೆ ಐದು ಆನೆ, ಒಮ್ಮೆ ರಾಜನ ಸುತ್ತ ಬರೀ ಕುದುರೆ. ಕೆಟ್ಟ ಕಾಯಿ ಬಂತೆಂದು ಯಾರಾದರೂ ಹೊಸ ಆಟ ತೆಗೆಯಲು ಹೋದರೆ ಶಟ್ಟೆಪ್ಪ ಗದರುತ್ತಾರೆ: "ಬಂದದ್ದರಾಗ ಆಡ್ರಿ ಸರ್, ಬ್ಯಾಡಂದ್ರ ಹೆಂಗ?" ಅವರು ಒಂದು ಕಾಯಿ ನಡೆಸುವಷ್ಟರಲ್ಲಿ ನೇಸರಗಿ ಬಸ್ಸು ಹೋಗಿರುತ್ತದೆ, ಸವದತ್ತಿಯದೂ ಹೋಗಿರುತ್ತದೆ. "ಎಷ್ಟ ವಿಚಾರ ಮಾಡತೀರಿ, ಶಟ್ಟೆಪ್ಪಣ್ಣ?" ಎಂದು ನಾನೊಮ್ಮೆ ರೇಗಿದೆ. ಪಕ್ಕದ ಮಶೀನಿನಲ್ಲಿ ಹೊಲಿಯುತ್ತಿದ್ದ ಮಗಳು ರೇಣು ಮೆಲ್ಲಗೆ ಹೇಳಿದಳು: "ಅಪ್ಪ ವಿಚಾರ ಮಾಡಾಕ ಹತ್ತಿಲ್ಲರಿ. ಹೋದ ವರ್ಷ ಲಕ್ವಾ ಹೊಡದ ಮ್ಯಾಲ ಬಲಗೈ ಬೆರಳ ಸರಿಯಾಗಿ ಏಳೂದಿಲ್ಲ. ಡಾಕ್ಟರು ಬೆರಳ ಆಡಸ್ರಿ ಅಂದಾರ. ಎಡಗೈಲೆ ಆಡಂದ್ರ ಒಲ್ಲೆ ಅಂತಾನ." ಅಂದಿನಿಂದ ನನಗೂ ಅವಸರವಿಲ್ಲ. ಕಳೆದ ಸೋಮವಾರ ಶಟ್ಟೆಪ್ಪ ಅದೇ ಬೆರಳುಗಳಲ್ಲಿ ಸೂಜಿ ಹಿಡಿದು, ಬೆವರುತ್ತ, ನನ್ನ ಅಂಗಿಗೆ ಒಂದು ಗುಂಡಿ ಹಚ್ಚಿಕೊಟ್ಟರು. ಗುಂಡಿ ತುಸು ಓರೆಯಾಗಿದೆ. ಬಿಚ್ಚಿ ನೆಟ್ಟಗೆ ಹಚ್ಚುತ್ತೇನೆಂದು ಹೆಂಡತಿ ಎರಡು ಸಲ ಕೇಳಿದಳು. ನಾನು ಅಂಗಿ ಕೊಡಲಿಲ್ಲ.