ಹಸಿ ಭತ್ತದ ತೂಕ

ಮೊನ್ನೆ ಮೂಲೆಯಲ್ಲಿ ಮರೆತಿದ್ದ ಚೀಲ ಬಿಚ್ಚಿದಾಗ ಒದ್ದೆ ಭತ್ತದ ಮುಗ್ಗಲು ವಾಸನೆ ಮುಖಕ್ಕೆ ಬಡಿಯಿತು. ಸಾಹೇಬರು ನೆನಪಾದರು. ಮುಖವಲ್ಲ, ತಕ್ಕಡಿ ಹಿಡಿದ ಕೈ... ಮುಖವನ್ನು ಆಮೇಲೆ ನಾನೇ ಸೇರಿಸಿಕೊಂಡಿರಬೇಕು.

ಎರಡನೆಯ ಮಹಾಯುದ್ಧದ ವರ್ಷಗಳು. ನಾನು ಕುಮಟೆಯ ಬಳಿಯ ಊರೊಂದರಲ್ಲಿ ಶಾಲಾ ಮಾಸ್ತರ. ಸಾಹೇಬರು ಭಟ್ಕಳದ ಕಡೆಯವರು. ಪುಣೆಯಲ್ಲಿ ಕೃಷಿ ಅರ್ಥಶಾಸ್ತ್ರ ಓದಿ, ಸರಕಾರಕ್ಕೆ ಬೆಳೆಯ ಅಂದಾಜು ಮಾಡಿಕೊಡಲು ಬಂದಿದ್ದರು. ಯಾವ ಮನೆ ಎಷ್ಟು ಭತ್ತವನ್ನು ಸರಕಾರಕ್ಕೆ ಕಡ್ಡಾಯ ಲೆವಿಯಾಗಿ ಕೊಡಬೇಕೆಂಬುದು ಆ ಅಂದಾಜಿನ ಮೇಲೆ ನಿಂತಿತ್ತು. ಶಾನುಭೋಗರು ಬದುವಿನ ಮೇಲೆ ನಿಂತು ಕಣ್ಣಂದಾಜಿನಲ್ಲೇ ‘ಹದಿನಾರಾಣೆಗೆ ಹತ್ತಾಣೆ ಬೆಳೆ’ ಎನ್ನುವುದನ್ನು ಅವರು ಒಪ್ಪುತ್ತಿರಲಿಲ್ಲ. ಗದ್ದೆಯಲ್ಲಿ ಚೌಕ ಗುರುತಿಸಿ, ಕೊಯ್ದು, ತೂಗಬೇಕು. ಬರೆದುಕೊಳ್ಳುವ ಕೆಲಸ ನನ್ನದು. ಈ ಪದ್ಧತಿ ಗೆದ್ದರೆ ಮುಂಬಯಿಯಲ್ಲಿ ಅವರಿಗೆ ದೊಡ್ಡ ಹುದ್ದೆ.

ಅಳಿವೆಯ ಉಪ್ಪುನೀರಿನ ಗದ್ದೆಗೆ ನಮ್ಮಲ್ಲಿ ಗಜನಿ ಎನ್ನುತ್ತಾರೆ. ಅಲ್ಲಿಯ ಕಗ್ಗ ಭತ್ತವನ್ನು ಮೊಣಕಾಲುದ್ದ ನೀರಲ್ಲಿ ನಿಂತು, ತೆನೆ ಮಾತ್ರ ಕೊಯ್ಯುವುದು. ಕಡಲ ಭರತ ಬಂದು ನೀರು ಏರುವ ಮೊದಲು ದೋಣಿ ಹತ್ತಬೇಕಿತ್ತು. ಹಸಿಯಾಗಿಯೇ ಬಡಿದು, ಹಸಿಯಾಗಿಯೇ ತೂಗಿದೆವು. ವರದಿ ಹೋಯಿತು, ಲೆವಿಯ ಆದೇಶವೂ ಬಂತು.

ಮರುದಿನ ಆ ಗಜನಿಯ ಒಡತಿ ಶಾಲೆಯ ಜಗಲಿಗೆ ಬಂದಳು.

“ಸಾಯ್ಬ್ರೇ, ನೀವು ತೂಗಿದ್ದು ಭತ್ತವಾ, ಹೊಳೆ ನೀರಾ?”

ಸಾಹೇಬರು ನಕ್ಕರು. “ಎಂತ ಆತು?”

“ಎಂತ ಆಗೂದು? ನೀವು ಬರ್ದಷ್ಟು ಕೊಡೂಕೆ ಬೀಜದ ಭತ್ತಕ್ಕೇ ಕೈ ಹಾಕ್ಬೇಕು. ಬಪ್ಪ ಮಳೆಗಾಲಕ್ಕೆ ನಿಮ್ಮ ಪುಸ್ತಕ ಬಿತ್ತೂದಾ?”

ನಗು ನಿಂತಿತು. ಅದೇ ಗದ್ದೆಯಲ್ಲಿ ಕೊಯ್ಯದೆ ಉಳಿದಿದ್ದ ಹಸಿ ಭತ್ತ ತರಿಸಿ, ತೂಗಿ, ಅಂಗಳದಲ್ಲಿ ಒಣಹಾಕಿದರು. ಕೋಲು ಹಿಡಿದು ಕಾಗೆ ಓಡಿಸುತ್ತ ಮೂರು ದಿನ ತಾವೇ ಕೂತರು. ಮತ್ತೆ ತೂಗಿದಾಗ ತಟ್ಟೆ ಮೇಲೇರಿತು. ಎಷ್ಟು ಕಡಿಮೆಯಾಗಿತ್ತೋ ನೆನಪಿಲ್ಲ. ಇಬ್ಬರೂ ಇನ್ನೊಮ್ಮೆ ತೂಗಿದ್ದು ನೆನಪಿದೆ.

ತಮ್ಮ ವರದಿ ತಪ್ಪೆಂದು ಅಂದೇ ಪತ್ರ ಬರೆದರು. ಅಂದೇ ಕಳಿಸಿದರು ಎಂದು ನಾನು ಎಷ್ಟೋ ಜನರಿಗೆ ಹೇಳಿದ್ದೇನೆ. ಸುಳ್ಳು. ಪತ್ರ ಎರಡು ದಿನ ಅವರ ಕೋಟಿನ ಜೇಬಿನಲ್ಲಿತ್ತು.

“ಟಪ್ಪಾಲು ಹೋಗುವ ಹೊತ್ತಾತು, ಸಾಹೇಬ್ರೇ.”

“ನಾಳೆ ಹಾಕುವ, ಮಾಸ್ತರ್ರೇ.”

ನಾನು ಒತ್ತಾಯಿಸಿದೆನೇ?... ಇಲ್ಲ. ಎರಡನೆಯ ದಿನ ಲೆವಿಯ ಗಾಡಿಗಳು ಬಂದವು. ಅವಳ ಬೀಜದ ಭತ್ತ ಗಾಡಿಗೇರುವಾಗ ಅವಳು ಶಾಲೆಯ ಕಡೆ ನೋಡುತ್ತ ನಿಂತಿದ್ದಳು. ಜಗಲಿಯಲ್ಲಿ ನಾವಿಬ್ಬರೂ ಇದ್ದೆವು. ಸಾಹೇಬರ ಕೈ ಜೇಬಿಗೆ ಹೋಯಿತು, ಹಾಗೇ ಹೊರಗೆ ಬಂತು.

ಮರುದಿನ ನಸುಕಿನಲ್ಲೇ ಕುಮಟೆಗೆ ನಡೆದುಹೋಗಿ ಪತ್ರವನ್ನು ಕಚೇರಿಗೆ ತಾವೇ ಮುಟ್ಟಿಸಿದರು. ಮುಂದಿನ ವರ್ಷದ ಲೆವಿ ಇಳಿಯಿತು. ಹೋದ ಭತ್ತ ತಿರುಗಿ ಬರಲಿಲ್ಲ. ಮುಂಬಯಿಯ ಹುದ್ದೆ ಬೇರೆಯವರ ಪಾಲಾಯಿತು. ಮಳೆಗಾಲದಲ್ಲಿ ಅವಳ ಗಜನಿ ಬೀಳು ಬಿತ್ತು. ಅವಳು ಮೀನು ಒಣಗಿಸುವ ಕೂಲಿಗೆ ನಮ್ಮ ಜಿಲ್ಲೆಯದೇ ಬಂದರೂರು ಕಾಸರಕೋಡಕ್ಕೆ ಹೋದಳೆಂದು ಕೇಳಿದೆ.

ಸಾಹೇಬರು ಕಾಲೇಜು ಸೇರಿ ಮೂವತ್ತು ವರ್ಷ ಪಾಠ ಹೇಳಿದರು. ಪ್ರತಿ ವರ್ಷ ಮೊದಲ ಪಾಠ ತಮ್ಮದೇ ತಪ್ಪು: ಒಣಗಿಸದೆ ತೂಗಬೇಡಿ. ಆ ಹುಡುಗರೇ ಮುಂದೆ ಸರಕಾರದಲ್ಲಿ ಧಾನ್ಯದ ನೀತಿ ಬರೆದರು.

ಹೋದ ತಿಂಗಳು ಅವರು ತೀರಿಕೊಂಡರು. ತಪ್ಪೊಪ್ಪಿ ಹುದ್ದೆ ಕಳೆದುಕೊಂಡ ಧೀರರ ಬಗ್ಗೆ ಬರೆದುಕೊಡಿ ಎಂದು ಶಿಷ್ಯರು ಕೇಳಿದ್ದಾರೆ. ಅದೂ ಸುಳ್ಳಲ್ಲ. ಬರೆಯಲು ಕೂತರೆ ಆ ಹೆಂಗಸಿನ ಹೆಸರೂ ನನಗೆ ನೆನಪಿಲ್ಲ. ಕಾಸರಕೋಡದಲ್ಲಿ ಎಷ್ಟು ವರ್ಷ ಇದ್ದಳೋ, ಯಾವಾಗ ತೀರಿಹೋದಳೋ... ನಾನು ವಿಚಾರಿಸಲೇ ಇಲ್ಲ.