ಅರವತ್ತನಾಲ್ಕು ಅಂದರೆ ಎಷ್ಟಾಣೆ?

ಆ ಮಾತನ್ನು ಹೇಳಿದ್ದು ನಾನೋ, ಅಜ್ಜಿಯೋ? ಈಗ ಖಚಿತವಾಗಿ ಹೇಳಲಾರೆ.

ಕಳೆದ ಭಾನುವಾರ ಹೊಸಹಳ್ಳಿಯ ಒಂದು ಮನೆಯ ಪಡಸಾಲೆಯಲ್ಲಿ ಒಂದು ಮಾತು ಬಂತು. ಅದರಿಂದ ಒಬ್ಬ ಹುಡುಗಿಯ ಮುಂದಿನ ನಾಲ್ಕು ವರ್ಷ ತೀರ್ಮಾನವಾಯಿತು. ಆ ಮಾತು ನನ್ನದೇ ಎಂದು ಕೊಟ್ಟೂರಿನ ಚಹಾದಂಗಡಿಯಲ್ಲಿ ಮೂರು ದಿನ ಹೇಳಿಕೊಂಡೆ. ಕೇಳಿದವರು ತಲೆದೂಗಿದರು. ನಾಲ್ಕನೇ ದಿನ ಆ ಹುಡುಗಿಯೇ ಫೋನ್ ಮಾಡಿ, "ಸರ್, ಅದು ಅಂದಿದ್ದು ನಮ್ಮ ಅಜ್ಜಿ" ಅಂದಳು. ಅವಳು ವಿಡಿಯೊ ಕಾಲ್‌ನಲ್ಲಿ ಎಲ್ಲವನ್ನೂ ಕೇಳಿಸಿಕೊಂಡವಳು. ನಂಬಲೇಬೇಕು. ಆದರೂ ನನ್ನ ತಲೆಯೊಳಗೆ ಆ ಮಾತು ಇರುವುದು ನನ್ನ ದನಿಯಲ್ಲೇ.

(ವಿಶ್ವವಿದ್ಯಾಲಯದಲ್ಲಿ ಓದಿದವರ ಪಾಡು ಇದು. ಎಲ್ಲವನ್ನೂ ಸಂಶಯದಿಂದ ನೋಡು ಎಂದು ಕಲಿಸುತ್ತಾರೆ. ನಿನ್ನನ್ನೂ ಸೇರಿಸಿ ಎಂದು ಹೇಳುವ ಹೊತ್ತಿಗೆ ಬೆಲ್ ಹೊಡೆದಿರುತ್ತದೆ.)

ಇರಲಿ. ನೆನಪಿರುವಷ್ಟನ್ನು ಹೇಳುತ್ತೇನೆ.

ಹುಡುಗಿಯ ಹೆಸರು ರೇಣುಕಾ. ಡಿಗ್ರಿಯಲ್ಲಿ ನನ್ನ ಹತ್ತಿರ ಅರ್ಥಶಾಸ್ತ್ರ ಓದಿದವಳು. ಅಪ್ಪ ಬೀರಪ್ಪನವರಿಗೆ ಒಂದು ಹಿಂಡು ಕುರಿ ಇದೆ, ಒಂದಿಷ್ಟು ಶೇಂಗಾ ಹೊಲ ಇದೆ. ಇಲ್ಲಿ ಎಂ.ಎ. ಮುಗಿಸಿದ ರೇಣುಕಾ ಸರ್ಕಾರದ ಸ್ಕಾಲರ್‌ಶಿಪ್ ಪಡೆದು ಹೋದ ವರ್ಷ ಬ್ರಿಟನ್ನಿಗೆ ಹೋದಳು. ಒಂದು ವರ್ಷದ ಇನ್ನೊಂದು ಮಾಸ್ಟರ್ಸ್. ನೆಂಟರಿಷ್ಟರೆಲ್ಲ ಬೇಡ ಅಂದಾಗ ಬೀರಪ್ಪ ಒಬ್ಬರೇ ಮಗಳ ಪರ ನಿಂತಿದ್ದರು. ಮಗಳು ಅವರಿಗೆ ಒಂದು ಮಾತು ಕೊಟ್ಟಿದ್ದಳು. ಒಂದೇ ವರ್ಷ, ಆಮೇಲೆ ಮನೆಗೆ.

ಆ ವರ್ಷ ಮುಗಿಯಿತು. ಅಷ್ಟರಲ್ಲಿ ಅಲ್ಲಿನ ವಿಶ್ವವಿದ್ಯಾಲಯವೇ ಅವಳಿಗೆ ಪಿಎಚ್‌ಡಿ ಸೀಟು ಕೊಟ್ಟಿತು, ಸ್ಟೈಪೆಂಡ್ ಸಮೇತ. ಒಂದು ಷರತ್ತು: ಮಾಸ್ಟರ್ಸ್‌ನಲ್ಲಿ ಒಟ್ಟು ಅರವತ್ತು ದಾಟಿರಬೇಕು. ಈ ತಿಂಗಳು ರಿಸಲ್ಟ್ ಬಂತು. ಅರವತ್ತನಾಲ್ಕು.

ಅವಳು ಹಾಸ್ಟೆಲ್ ರೂಮಿನಲ್ಲಿ ಒಬ್ಬಳೇ ಕುಣಿದಳಂತೆ. ಆ ಖುಷಿಯಲ್ಲೇ ಅಪ್ಪನಿಗೆ ಫೋನ್ ಮಾಡಿ ನಂಬರ್ ಹೇಳಿಬಿಟ್ಟಳು. ಎಡವಟ್ಟಾಗಿದ್ದು ಅಲ್ಲೇ.

ಬೀರಪ್ಪನವರ ತಲೆಯಲ್ಲಿ ಬೇರೆಯದೇ ಲೆಕ್ಕ ಇತ್ತು. ಎಸ್ಸೆಸ್ಸೆಲ್ಸಿ ತೊಂಬತ್ತನಾಲ್ಕು. ಪಿಯುಸಿ ತೊಂಬತ್ತೊಂದು (ಬಸ್‌ಸ್ಟ್ಯಾಂಡಿನ ಎದುರು ಫ್ಲೆಕ್ಸ್ ಕಟ್ಟಿಸಿದ್ದರು). ಡಿಗ್ರಿ ಎಂಬತ್ತಾರು. ಎಂ.ಎ. ಎಂಬತ್ತಮೂರು. ಈಗ ಅರವತ್ತನಾಲ್ಕು. ಕುರಿ ಸಾಕಿದವರಿಗೆ ಇಳಿಯುವ ತೂಕದ ಅರ್ಥ ಬೇರೆಯವರು ಹೇಳಿಕೊಡಬೇಕಿಲ್ಲ. ಮೇವು ಒಗ್ಗಿಲ್ಲ, ಇಲ್ಲವೇ ಒಳಗೆ ಏನೋ ಬೇನೆ ಇದೆ. ಹೊರಗೆ ಬಿಡುವುದನ್ನು ನಿಲ್ಲಿಸಿ ಮೊದಲು ಹಟ್ಟಿಗೆ ತರಬೇಕು.

"ಸಾಕವ್ವ, ಮನಿಗೆ ಬಾ" ಅಂದು ಫೋನ್ ಇಟ್ಟರು.

ಮರುದಿನ ಅವಳು ನನಗೆ ಫೋನ್ ಮಾಡಿದಳು.

"ಶುಕ್ರವಾರದೊಳಗ ಸೀಟು ಬೇಕೋ ಬ್ಯಾಡೋ ಹೇಳ್ಬೇಕು ಸರ್. ಅಪ್ಪ ಹೂಂ ಅನ್ನದಂಗ ನಾನು ಹೂಂ ಅನ್ನಂಗಿಲ್ಲ."

"ನಿನಗ ಇಪ್ಪತ್ತೈದು ಆಗೇತಿ. ನೀನೇ ಹೇಳಬಹುದಲ್ಲ?"

"ಹೇಳಬೌದು ಸರ್. ಆಮ್ಯಾಲೆ ಯಾವ ಮಾರಿ ಇಟ್ಕಂಡು ಊರಿಗೆ ಬರ್ಲಿ? ಮಂದಿ ಎದುರು ನನ್ ಸಲುವಾಗಿ ನಿಂತಾನ ಅವ. ನೀವು ಹೋಗಿ ಮಾತಾಡ್ರಿ. ನಿಮ್ಮ ಮಾತು ನಂಬ್ತಾನ. ನೀವೂ ಇಲ್ಲೇ ಓದಿ ಎಪ್ಪತ್ತೆರಡು ತಗಂಡೀರಲ್ಲ."

ಹೌದು. ಕಾಲು ಶತಮಾನದ ಹಿಂದೆ ನಾನೂ ಅಲ್ಲಿ ಒಂದು ವರ್ಷ ಓದಿದೆ. ಎಪ್ಪತ್ತೆರಡು ತೆಗೆದೆ. ಅಲ್ಲಿ ಎಪ್ಪತ್ತಕ್ಕೆ ಡಿಸ್ಟಿಂಕ್ಷನ್. ಹರಪನಹಳ್ಳಿಯಿಂದ ಹಡಗಲಿಯವರೆಗೆ ನಾನು ಭಾಷಣ ಮಾಡಿದ ಶಾಲೆಗಳಲ್ಲೆಲ್ಲ ಇದು ಗೊತ್ತು. ಹಂಪಸಾಗರದ ಹೈಸ್ಕೂಲಿನಲ್ಲಿ ಸ್ವಾಗತ ಮಾಡಿದ ಮೇಷ್ಟ್ರು ನನ್ನ ಹೆಸರಿಗಿಂತ ಮೊದಲು ಎಪ್ಪತ್ತೆರಡನ್ನು ಹೇಳಿದ್ದರು.

ಭಾನುವಾರ ಬೆಳಿಗ್ಗೆ ಕೂಡ್ಲಿಗಿಯಲ್ಲಿ ಬಸ್ ಬದಲಿಸಿ ಹೊಸಹಳ್ಳಿಗೆ ಹೋದೆ.

ಪಡಸಾಲೆಯಲ್ಲಿ ಹಸಿ ಮಣ್ಣಿನ ವಾಸನೆಯ ಶೇಂಗಾ ರಾಶಿ. ಅದರ ಪಕ್ಕ ಬೀರಪ್ಪನವರ ತಾಯಿ ಮಾಳಮ್ಮ, ಕಾಲು ಚಾಚಿಕೊಂಡು ಕಾಯಿ ಸುಲಿಯುತ್ತಿದ್ದರು. ಬೀರಪ್ಪ ಕಂಬಳಿ ಹಾಸಿ ಕೂರಿಸಿದರು. ರೇಣುಕಾಳಿಗೆ ವಿಡಿಯೊ ಕಾಲ್ ಹಚ್ಚಿ ಫೋನನ್ನು ತಂಬಿಗೆಗೆ ಒರಗಿಸಿ ಇಟ್ಟೆವು. ಅವಳು ಮಾತಾಡಬಾರದು ಎಂದು ನಾನೇ ಹೇಳಿದ್ದೆ.

ಬಂದ ಕೆಲಸ ಕೂತ ತಕ್ಷಣ ತೆಗೆಯುವ ಪದ್ಧತಿ ನಮ್ಮಲ್ಲಿಲ್ಲ. ಬೆಳೆ ವಿಚಾರಿಸಿದೆ.

"ಶೇಂಗಾ ಹೆಂಗಾತ್ರಿ ಈ ಸಲ?"

"ಹತ್ತಾಣಿ ಆತ್ರಿ ಸರ್" ಅಂದರು ಬೀರಪ್ಪ. ನಾನು ಆ ಮನೆಗೆ ಕಾಲಿಟ್ಟ ಮೇಲೆ ಅವರ ಮುಖ ಅರಳಿದ್ದು ಅದೊಂದೇ ಸಲ. "ಚಲೋ ಆತು. ಹತ್ತಾಣಿ ಬಂದು ಭಾಳ ವರ್ಷಾಗಿತ್ತು."

ನಮ್ಮ ಕಡೆ ಇನ್ನೂ ಬೆಳೆಯನ್ನು ಆಣೆಯಲ್ಲೇ ಅಳೆಯುತ್ತಾರೆ. ಪೂರ್ಣ ಬೆಳೆ ಅಂದರೆ ಹದಿನಾರಾಣೆ. ಆಣೆ ನಾಣ್ಯ ನೋಡಿದವರೇ ಈಗ ಕಡಿಮೆ, ಅಳತೆ ಮಾತ್ರ ಹೊಲದಲ್ಲೇ ಉಳಿದುಕೊಂಡಿದೆ.

ಚಹಾ ಬಂತು. ನಾನು ಶುರು ಮಾಡಿದೆ. ಅಲ್ಲಿ ಮಾಸ್ಟರ್ಸ್‌ಗೆ ಐವತ್ತು ಬಂದರೆ ಪಾಸು, ಅರವತ್ತಕ್ಕೆ ಮೆರಿಟ್, ಎಪ್ಪತ್ತಕ್ಕೆ ಡಿಸ್ಟಿಂಕ್ಷನ್. ಪ್ರಬಂಧವನ್ನು ಇಬ್ಬರು ಓದುತ್ತಾರೆ, ಸರಿಯಾಗಿ ಓದಿದರೋ ಇಲ್ಲವೋ ಎಂದು ಬೇರೆ ವಿಶ್ವವಿದ್ಯಾಲಯದವರು ಬಂದು ನೋಡುತ್ತಾರೆ. ಕ್ಲಾಸಿನಲ್ಲಿ ಹೇಳಿದಂತೆ ಹೇಳಿದೆ. ಬೀರಪ್ಪ ಕೊನೆಯ ಬೆಂಚಿನ ಹುಡುಗನಂತೆ ಕೇಳಲಿಲ್ಲ. ಮೊದಲ ಬೆಂಚಿನವನಂತೆ ಕೇಳಿದರು. ಅದು ಹೆಚ್ಚು ಅಪಾಯ.

"ನೂರಕ್ಕ ನೂರು ಯಾರಿಗಾರ ಕೊಡ್ತಾರೇನ್ರಿ ಅಲ್ಲಿ?"

"ನಾನು ಕಂಡಿಲ್ಲ."

"ತೊಂಬತ್ತು?"

"ಅದೂ ಕಂಡಿಲ್ಲ."

"ಕೊಡಂಗಿಲ್ಲ ಅಂದ್ಮ್ಯಾಲೆ ನೂರು ಯಾಕ ಇಟ್ಟಾರ್ರಿ? ಎಂಬತ್ತಕ್ಕ ಇಟ್ಟಿದ್ರ ಆಗ್ತಿತ್ತಲ್ಲ."

ಬ್ರಿಟನ್ನಿನ ಯಾವ ಶಿಕ್ಷಣ ಮಂತ್ರಿಯೂ ಈ ಪ್ರಶ್ನೆಗೆ ಉತ್ತರ ಕೊಟ್ಟಿದ್ದು ನಾನು ಓದಿಲ್ಲ. ಅವರ ಗೋಳೇ ಬೇರೆ. ವಿಶ್ವವಿದ್ಯಾಲಯಗಳು ಫಸ್ಟ್ ಕ್ಲಾಸನ್ನು ಮಂಡಕ್ಕಿ ಹಂಚಿದಂತೆ ಹಂಚುತ್ತಿವೆ, ಡಿಗ್ರಿಗೆ ಬೆಲೆಯೇ ಇಲ್ಲದಂತಾಗಿದೆ ಎಂದು ಅಲ್ಲಿ ಯಾವ ಪಕ್ಷ ಬಂದರೂ ಯಾರಾದರೊಬ್ಬರು ಗೊಣಗುತ್ತಲೇ ಇರುತ್ತಾರೆ. ಎಪ್ಪತ್ತು ಕೊಟ್ಟಿದ್ದು ಜಾಸ್ತಿಯಾಯಿತು ಎಂಬ ಚಿಂತೆ. ಇಲ್ಲಿ? ತೊಂಬತ್ತಾರು ಬಂದ ಮಗುವಿಗೆ, ಉಳಿದ ನಾಲ್ಕು ಎಲ್ಲಿ ಹೋಯಿತು ಎಂದು ಕೇಳುತ್ತೇವೆ.

(ಉತ್ತರಪತ್ರಿಕೆ ತಿದ್ದುವ ಕ್ಯಾಂಪುಗಳಲ್ಲಿ ನಾನೂ ಕೂತವನು. ಕೈ ಬಿಗಿ ಮಾಡಬೇಡಿ ಎಂದು ಬಾಯಿಮಾತಿನ ಸೂಚನೆ ಬರುತ್ತಿತ್ತು. ನಾನು ಕೈ ಬಿಗಿ ಮಾಡಲಿಲ್ಲ. ಎಷ್ಟು ಎಂಬತ್ತುಗಳು ನನ್ನ ಮಧ್ಯಾಹ್ನದ ನಿದ್ದೆಯಿಂದ ಹುಟ್ಟಿದವೋ ದೇವರೇ ಬಲ್ಲ.)

"ಅವ್ರ ಕೈ ಬಿಗಿ ಐತ್ರಿ, ಬೀರಪ್ನೋರ" ಅಂದೆ. "ಅಷ್ಟು ಸುಲಭಕ್ಕ ಕೊಡಂಗಿಲ್ಲ."

"ನಿಮಗ ಎಪ್ಪತ್ತೆರಡು ಕೊಟ್ಟಾರಲ್ರಿ?"

ಏನು ಹೇಳುವುದು? ನಾನು ಹೆಚ್ಚು ಬುದ್ಧಿವಂತ ಎನ್ನಲೇ? ಮಗಳು ಫೋನಿನಲ್ಲಿ ನೋಡುತ್ತಿದ್ದಾಳೆ. ಆಗ ಕೈ ಸಡಿಲ ಇತ್ತು ಎನ್ನಲೇ? ಹಂಪಸಾಗರದ ಮಕ್ಕಳಿಗೆ ಏನು ಹೇಳಲಿ?

"ಅದು ಬ್ಯಾರೆ ಕಾಲ ಬಿಡ್ರಿ" ಅಂದೆ.

"ಕಾಲ ಬ್ಯಾರೆ ಅಂತ ನನಗೂ ಗೊತ್ತೈತ್ರಿ." ಅವರು ದನಿ ತಗ್ಗಿಸಿದರು, ಫೋನಿಗೆ ಕೇಳಿಸದ ಹಾಗೆ. "ಹೊರಗಿನ ಮಂದಿ ಬ್ಯಾಡ ಅಂತ ಅಲ್ಲಿ ಗದ್ದಲ ನಡದೈತಂತ, ಮೊಬೈಲಿನ್ಯಾಗ ಬರ್ತೈತಿ. ಮಾರ್ಕ್ಸ್ ಕಮ್ಮಿ ಹಾಕಿದ್ರ ತಾವೇ ಎದ್ದು ಹೋಗ್ತಾರ ಅಂತ ಹಾಕ್ಯಾರೇನ್ರಿ?"

ಇದನ್ನು ನಗೆಯಲ್ಲಿ ತೇಲಿಸಲು ಆಗಲಿಲ್ಲ. ಅಲ್ಲಿನ ರಾಜಕೀಯ ಈಗ ನಿಂತಿರುವುದು ಅಲ್ಲೇ. ವಿಶ್ವವಿದ್ಯಾಲಯಗಳು ಉಸಿರಾಡುವುದು ಹೊರದೇಶದ ಮಕ್ಕಳ ಫೀಸಿನಿಂದ. ಮತ ಬೀಳುವುದು ಅವರನ್ನು ಕಡಿಮೆ ಮಾಡುತ್ತೇವೆ ಎಂದವರಿಗೆ. ಫೀಸು ಬೇಕು, ಮಕ್ಕಳು ಬೇಡ. ಹೀಗಿರುವಾಗ ಹೊಸಹಳ್ಳಿಯ ಒಬ್ಬ ಅಪ್ಪನಿಗೆ ಸಂಶಯ ಬಂದರೆ ಅದು ದಡ್ಡತನವೇ? ಆದರೆ ಮಾರ್ಕ್ಸ್ ಹಾಕುವವರು ಮಂತ್ರಿಗಳಲ್ಲ, ಮೇಷ್ಟ್ರುಗಳು. ನಾನಿದ್ದಾಗ ಪೇಪರ್ ಮೇಲೆ ಹೆಸರು ಇರುತ್ತಿರಲಿಲ್ಲ, ಬರೀ ನಂಬರ್ (ಇರುತ್ತಿರಲಿಲ್ಲ ಎಂದು ನನ್ನ ನೆನಪು). ಇಷ್ಟನ್ನು ಹೇಳಿದೆ.

"ತೊಂಬತ್ನಾಕರಿಂದ ಇಳಕೊಂತ ಬಂದಾಳ್ರಿ ಸರ್. ಹಿಂಗ ಹೋದ್ರ ಪಿಎಚ್‌ಡಿಗೆ ನಲವತ್ತು ತಗಂತಾಳ."

"ಪಿಎಚ್‌ಡಿಗೆ ಮಾರ್ಕ್ಸ್ ಇರಂಗಿಲ್ರಿ."

ಬೀರಪ್ಪ ನನ್ನನ್ನೇ ನೋಡಿದರು. "ಮಾರ್ಕ್ಸ್ ಇಲ್ಲ? ಮತ್ತ ಓದ್ಯಾಳೋ ಬಿಟ್ಟಾಳೋ ಹೆಂಗ ಗೊತ್ತಾಗ್ತೈತ್ರಿ?"

ದೇಶದ ಅರ್ಧಕ್ಕರ್ಧ ಪಿಎಚ್‌ಡಿಗಳು ನನ್ನ ಕಣ್ಣ ಮುಂದೆ ಬಂದು ಹೋದವು. ನಾನು ಸೋತೆ. ಚಹಾ ಆರಿತ್ತು. ತಂಬಿಗೆಗೆ ಒರಗಿದ ಫೋನಿನಲ್ಲಿ ರೇಣುಕಾ ತಲೆ ಬಗ್ಗಿಸಿದ್ದಳು, ಬೈತಲೆ ಮಾತ್ರ ಕಾಣುತ್ತಿತ್ತು. ಇಷ್ಟು ಚೆನ್ನಾಗಿ ನೆನಪಿದೆ. ಇದರ ನಂತರದ್ದೇ ತಕರಾರು.

ಇಲ್ಲಿಂದ ರೇಣುಕಾ ಹೇಳಿದ ಪ್ರಕಾರ ಬರೆಯುತ್ತೇನೆ.

ಶೇಂಗಾ ಸುಲಿಯುವ ಸದ್ದು ನಿಂತಿತಂತೆ. ಮಾಳಮ್ಮ ಸಿಪ್ಪೆಯನ್ನು ಉಡಿಯಿಂದ ಕೊಡವಿ ಕೇಳಿದರಂತೆ:

"ಅಲ್ಲಲೇ ಬೀರ, ಅರವತ್ನಾಕು ಅಂದ್ರ ಎಷ್ಟಾಣಿ?"

ಬೀರಪ್ಪ ನನ್ನ ಕಡೆ ನೋಡಿದರು. ಲೆಕ್ಕ ನನ್ನದು, ಅದರಲ್ಲಿ ತಕರಾರಿಲ್ಲ. ನೂರಕ್ಕೆ ಅರವತ್ತನಾಲ್ಕು, ಹದಿನಾರಕ್ಕೆ ಎಷ್ಟು?

"ಹತ್ತಾಣಿ" ಅಂದೆ. "ಹತ್ತರ ಮ್ಯಾಲೆ ಚೂರು."

"ಹೊಲ ಹತ್ತಾಣಿ ಕೊಟ್ರ ಮೀಸಿ ತಿರುವ್ತಿ, ಮಗಳು ಹತ್ತಾಣಿ ತಂದ್ರ ಮಕ ಗಂಟು ಹಾಕ್ಕಂತಿ. ನಿನ್ನ ಜನ್ಮದಾಗ ಎಂದಾರ ಹದಿನಾರಾಣಿ ಬೆಳಿ ಅಂದೀಯೇನಲೇ?"

"ಯಾರು ಅಂತಾರಬೇ ಹಂಗ? ದೃಷ್ಟಿ ಆಗ್ತೈತಿ."

"ಅವ್ರಿಗೂ ಹಂಗ ಇರಬೌದು ನೋಡು."

ಫೋನಿನಿಂದ ಕಿಸಕ್ಕೆಂದು ನಗು ಬಂತು. ಮಾತಾಡಬಾರದು ಎಂದಿದ್ದೆ, ನಗಬಾರದು ಎಂದಿರಲಿಲ್ಲ.

ಬೀರಪ್ಪ ನಿಧಾನಕ್ಕೆ ತಿರುಗಿದರು. "ಅಂದ್ರ ಆ ಮೇಷ್ಟ್ರುಗಳು ಆಣಿ ಲೆಕ್ಕದಾಗ ನೋಡ್ತಾರೇನ್ರಿ?"

"ಹೂಂ, ಹಂಗ ತಿಳ್ಕೋರಿ. ನಮ್ಮಲ್ಲಿ ಮೇಷ್ಟ್ರು, ಹುಡುಗ್ರು ಎಷ್ಟು ಸರಿ ಬರದಾರ ಅಂತ ಕೂಡಿಸ್ತಾರ. ಅವ್ರು ಹೊಲದ ಬದುವಿನ ಮ್ಯಾಲೆ ನಿಂತು ಇಡೀ ಬೆಳಿ ನೋಡ್ತಾರ."

(ಈ ಬದುವಿನ ಮಾತು ನನ್ನದೇ. ರೇಣುಕಾಳನ್ನು ಕೇಳಿ ಖಚಿತಪಡಿಸಿಕೊಂಡಿದ್ದೇನೆ.)

"ಮದಲ ಹಂಗ ಹೇಳ್ಬೇಕಿಲ್ಲೇನ್ರಿ ಸರ್. ಮೆರಿಟ್ಟು, ಡಿಸ್ಟಿಂಕ್ಷನ್ನು ಅಂತ ಒಂದ್ ತಾಸು ತಲಿ ತಿಂದ್ರಿ."

ಆಮೇಲೆ ಅವರು ಫೋನನ್ನು ಎತ್ತಿಕೊಂಡರು. ಮುಖ ಸರಿಯಾಗಿ ಕಾಣಲೆಂದು ಕೈ ಉದ್ದ ಮಾಡಿ ಹಿಡಿದರು.

"ಎಷ್ಟು ವರ್ಷ ಅದು?"

"ಮೂರೂವರಿ, ನಾಕು ಅಪ್ಪ."

"ವರ್ಷಕ್ಕೊಮ್ಮಿ ಬರ್ಬೇಕು. ಬರಂಗಿದ್ರ ಹೂಂ ಅನ್ನು ಅವ್ರಿಗೆ. ಸಣ್ಣಾಗೀದಿ, ಸರಿಯಾಗಿ ಉಣ್ಣು."

ಅಷ್ಟೇ. ಒಂದು ವರ್ಷದ ಮಾತು ನಾಲ್ಕಕ್ಕೆ ಬೆಳೆಯಿತು. ಒಳಗಿನಿಂದ ಒಗ್ಗರಣೆ ಮಂಡಕ್ಕಿ, ಮಿರ್ಚಿ ಬಂದವು. ನಾನು ಮೂರು ಮಿರ್ಚಿ ತಿಂದೆ. ಎದೆಯ ಮೇಲಿಂದ ಒಂದು ಚೀಲ ಜೋಳ ಇಳಿಸಿದಂತಾಗಿತ್ತು. ವಾಪಸ್ ಬಸ್ಸಿನಲ್ಲಿ ಸೀಟು ಸಿಗಲಿಲ್ಲ, ಕೂಡ್ಲಿಗಿವರೆಗೂ ನಿಂತೇ ಬಂದೆ. ನಿಂತಿದ್ದೇನೆ ಎಂಬುದೂ ಗೊತ್ತಾಗಲಿಲ್ಲ.

ಅಲ್ಲಿಂದ ಕೊಟ್ಟೂರಿಗೆ ಬರುವ ಅಷ್ಟು ದೂರದಲ್ಲೇ ಇರಬೇಕು, ಅಜ್ಜಿಯ ಮಾತು ನನ್ನದಾಗಿದ್ದು. ಕದಿಯುವ ಉದ್ದೇಶ ಇರಲಿಲ್ಲ. ಒಳ್ಳೆಯ ಮಾತು ಯಾರದಾದರೂ, ಮೂರು ಸಲ ಹೇಳಿದರೆ ನಾಲಿಗೆಗೆ ಒಗ್ಗಿಬಿಡುತ್ತದೆ. ನಾಲ್ಕನೇ ಸಲಕ್ಕೆ ಅದು ನಮ್ಮದೇ.

ರೇಣುಕಾ ಗುರುವಾರ, ಒಂದು ದಿನ ಮೊದಲೇ, ಸೀಟು ಒಪ್ಪಿಕೊಂಡಳು. ಅದನ್ನು ಹೇಳಲು ಫೋನ್ ಮಾಡಿದಾಗಲೇ ನನ್ನನ್ನು ತಿದ್ದಿದ್ದು. ಅವಳಿಗೆ ಅದು ಸಣ್ಣ ತಿದ್ದುಪಡಿ. ನನಗೆ ರಾತ್ರಿ ಊಟ ಸೇರಲಿಲ್ಲ. ನಾಲ್ಕು ದಿನದ ಹಿಂದಿನ ಮಾತನ್ನೇ ಹೀಗೆ ತಿರುಚುವ ತಲೆ ಕಾಲು ಶತಮಾನದ ಹಿಂದಿನದನ್ನು ಏನು ಮಾಡಿರಬಹುದು? ಬೀರಪ್ಪನವರ ಪ್ರಶ್ನೆ ಮತ್ತೆ ಕೇಳಿಸಿತು. ಅಷ್ಟು ಬಿಗಿ ಕೈಯವರು ನಿಮಗೆ ಮಾತ್ರ ಯಾಕೆ ಕೊಟ್ಟರು?

ಶುಕ್ರವಾರ ಬೆಳಿಗ್ಗೆ ಅಟ್ಟದ ಮೇಲಿನ ಟ್ರಂಕ್ ಇಳಿಸಿದೆ. ಹಳೆಯ ಸ್ವೆಟರಿನ ಕೆಳಗೆ, ಪ್ಲಾಸ್ಟಿಕ್ ಕವರಿನೊಳಗೆ ಅಂಕಪಟ್ಟಿ ಸಿಕ್ಕಿತು. ಕಿಟಕಿಯ ಹತ್ತಿರ ಒಯ್ದು, ಕನ್ನಡಕ ಒರೆಸಿಕೊಂಡು ಎರಡು ಸಲ ನೋಡಿದೆ.

ಎಪ್ಪತ್ತೆರಡು ಇದೆ, ಒಂದೇ ಒಂದು ಪೇಪರಿಗೆ. ಒಟ್ಟು ಐವತ್ತೆಂಟು.