ಕುಕ್ಕುಂದೂರಿನ ಅಮ್ಮನಿಗೆ ಮಾಡಿದ ಕೇಕು

ನನ್ನ ಕೋಪ ಯಾವಾಗಲೂ ಮೂಗಿನ ತುದಿಯಲ್ಲೇ. ಅದರಲ್ಲೂ ನಾನು ಮಾಡಿದ ಕೇಕನ್ನು ಯಾರಾದರೂ ಬೇಡ ಎಂದರೆ ಅವತ್ತಿಡೀ ಅವರ ಮುಖ ನೋಡುತ್ತಿರಲಿಲ್ಲ. ತೊಂಬತ್ತರ ದಶಕ ಮುಗಿಯುತ್ತಾ ಬಂದ ಕಾಲ ಅದು. ಮಣಿಪಾಲದ ಒಂದು ವಿಮಾ ಕಚೇರಿಯಲ್ಲಿ ಗುಮಾಸ್ತೆಯಾಗಿ ಸೇರಿದ್ದೆ. ಮನೆ ಶಿರ್ವದಲ್ಲಿ. ಮೊದಲ ಸಂಬಳದಲ್ಲಿ ಉಡುಪಿಯಿಂದ ಒಂದು ದುಂಡಗಿನ ಅಲ್ಯೂಮಿನಿಯಂ ಓವನ್ ಕೊಂಡು ತಂದೆ, ಮುಚ್ಚಳದ ನಡುವೆ ಗಾಜಿನ ಕಿಂಡಿ ಇರುವಂಥದ್ದು. ಭಾನುವಾರ ಇಗರ್ಜಿಯಿಂದ ಬಂದವಳೇ ಸೀರೆ ಕೂಡ ಬದಲಿಸದೆ ಮೈದಾ ಜರಡಿ ಹಿಡಿಯಲು ಕೂರುತ್ತಿದ್ದೆ. ಕ್ರಿಸ್ಮಸ್ಸಿಗೆ ಮಾತ್ರ ಕೇಕು ಕಂಡಿದ್ದ ಮನೆಯಲ್ಲಿ ವಾರವಾರವೂ ಕೇಕು ಏಳತೊಡಗಿತು. ಏಳದ ದಿನ ನಾನು ಕರೆಂಟಿನ ವೋಲ್ಟೇಜನ್ನು ಬೈಯುತ್ತಿದ್ದೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ ಎಂದು ನನ್ನ ತಾಯಿ ನಗುತ್ತಿದ್ದರು.

ಸೋಮವಾರ ಬೆಳಿಗ್ಗೆ ಸ್ಟೀಲ್ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹೊರಡುವುದು. ಶಂಕರಪುರದಲ್ಲಿ ಮಲ್ಲಿಗೆಯ ಕಟ್ಟುಗಳು ಹತ್ತುತ್ತಿದ್ದವು. ಆಮೇಲೆ ಉಡುಪಿಯವರೆಗೂ ನನ್ನ ವೆನಿಲಾ ಎಸೆನ್ಸಿನ ಪರಿಮಳಕ್ಕೆ ಕಿಮ್ಮತ್ತಿಲ್ಲ. ಆಫೀಸಿನಲ್ಲಿ ಹನ್ನೊಂದು ಗಂಟೆಯ ಚಹಾದ ಹೊತ್ತಿಗೆ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದೆ. ಕಾಪುವಿನಿಂದ ಬರುತ್ತಿದ್ದ ಹಿರಿಯ ಗುಮಾಸ್ತರೊಬ್ಬರು ಎಲ್ಲರಿಗಿಂತ ಮೊದಲು ಹಾಜರಾಗುತ್ತಿದ್ದರು. "ಬಾಯಮ್ಮ, ಇವತ್ತು ಎಂತ ಉಂಟು?" ಎಂದು ಕೇಳುತ್ತಲೇ ಒಂದು ತುಂಡು ಅವರ ಬಾಯಿಯಲ್ಲಿರುತ್ತಿತ್ತು. ನಮ್ಮ ಕಡೆ ಕ್ರಿಶ್ಚಿಯನ್ ಹೆಂಗಸರನ್ನು ಬಾಯಮ್ಮ ಎನ್ನುವುದು ವಾಡಿಕೆ. ಎಲ್ಲರೂ ತಿನ್ನುತ್ತಿದ್ದರು, ಹೊಗಳುತ್ತಿದ್ದರು, ನಾನು ಉಬ್ಬುತ್ತಿದ್ದೆ.

ತಿನ್ನದವಳು ಒಬ್ಬಳೇ, ನನ್ನ ಪಕ್ಕದ ಮೇಜಿನವಳು. ಕಾರ್ಕಳಕ್ಕೆ ಅಂಟಿಕೊಂಡೇ ಇರುವ ಕುಕ್ಕುಂದೂರಿನವಳು, ಹೆಚ್ಚುಕಡಿಮೆ ನನ್ನದೇ ಪ್ರಾಯ. ಕೆಲಸಕ್ಕೆ ಸೇರಿದ ವಾರದಲ್ಲೇ ನಾವಿಬ್ಬರೂ ಗೆಳತಿಯರಾಗಿದ್ದೆವು. ಆದರೆ ಮೊಟ್ಟೆ ಅವಳಿಗೆ ಆಗದು. "ನೋಡಲಿಕ್ಕೇ ಚಂದ ಉಂಟು ಮಾರಾಯ್ತಿ, ನನಗೆ ಅಷ್ಟು ಸಾಕು" ಎನ್ನುತ್ತಿದ್ದಳು. ಅವಳಿಗೆ ಸಾಕಿರಬಹುದು, ನನಗೆ ಸಾಕಾಗಲಿಲ್ಲ.

ಹಾಗಾಗಿ ಮೊಟ್ಟೆ ಇಲ್ಲದ ಕೇಕಿನ ಹುಚ್ಚು ಹಿಡಿಯಿತು. ಮೊಸರಿಗೆ ಸೋಡಾ ಹಾಕಿ ನೋಡಿದೆ, ಬಾಳೆಹಣ್ಣು ಕಿವುಚಿ ನೋಡಿದೆ. ಮೊದಮೊದಲು ಕಲ್ಲು. ಕಾಪುವಿನವರು ಒಂದು ತುಂಡನ್ನು ಮೇಜಿನ ಮೇಲೆ ಟಕಟಕ ಬಡಿದು, "ಬಾಯಮ್ಮ, ಇದನ್ನು ನಮ್ಮ ಊರಿಗೆ ಕೊಡಿ, ದೋಣಿಗೆ ಲಂಗರು ಮಾಡಬಹುದು" ಎಂದರು. ಇಡೀ ಆಫೀಸು ನಕ್ಕಿತು. ನಾನು ಎರಡು ದಿನ ಅವರೊಡನೆ ಮಾತಾಡಲಿಲ್ಲ. ಕೊನೆಗೆ ಮೊಸರೂ ಡಬ್ಬಿಯ ದಪ್ಪ ಹಾಲೂ ಸೇರಿದ ಒಂದು ಹದ ಕೈಗೆ ಸಿಕ್ಕಿತು. ಅದೇ ವಾರ ಆಫೀಸಿನವರೆಲ್ಲ ಕಾಪು ಬೀಚಿಗೆ ಹೋಗುವುದಿತ್ತು. ದೀಪಸ್ತಂಭದ ಕೆಳಗಿನ ಬಂಡೆಯ ಮೇಲೆ, ಸೀರೆಯ ಸೆರಗು ಹಾರದಂತೆ ಒಂದು ಕೈಯಲ್ಲಿ ಹಿಡಿದುಕೊಂಡು, ಅವಳು ಮೊದಲ ಸಲ ನನ್ನ ಕೇಕು ತಿಂದಳು. ಕೂಡಲೇ ಎರಡನೆಯ ತುಂಡಿಗೆ ಕೈ ಚಾಚಿದಳು. ನನಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಆ ಸಂತೋಷದಲ್ಲೇ, "ಅಮ್ಮನಿಗೂ ಎರಡು ತುಂಡು ತೆಗೊಂಡು ಹೋಗು" ಎಂದೆ. ಅವಳು ಡಬ್ಬಿಯನ್ನೂ ನನ್ನನ್ನೂ ನೋಡಿದಳು. ಆಮೇಲೆ ಕಾಗದದಲ್ಲಿ ಸುತ್ತಿ ಚೀಲಕ್ಕೆ ಹಾಕಿಕೊಂಡಳು.

ಅವಳ ಮನೆಯ ವಿಚಾರ ಅಷ್ಟಿಷ್ಟು ನನಗೆ ಗೊತ್ತಿತ್ತು. ತಂದೆ ತೀರಿಕೊಂಡು ಒಂದು ವರ್ಷ ಆಗಿತ್ತಷ್ಟೆ. ಮನೆಯಲ್ಲಿ ತಾಯಿ ಮತ್ತು ಇವಳು, ಇಬ್ಬರೇ. ತಂದೆ ಬಲು ಮಡಿಯವರು. ಹೊರಗೆ ಬೇಯಿಸಿದ್ದು ಒಂದೂ ಹೊಸ್ತಿಲು ದಾಟುವಂತಿರಲಿಲ್ಲ. ಬಸ್ಸಿನಿಂದ ಇಳಿದು ಬಂದವರು ಮಿಂದೇ ಅಡಿಗೆಮನೆಗೆ ಹೋಗಬೇಕಿತ್ತು. "ಅಪ್ಪ ಹೋದ ಮೇಲೆ ಅಮ್ಮ ಆಸೆಪಟ್ಟು ಏನನ್ನೂ ತಿನ್ನುವುದಿಲ್ಲ" ಎಂದು ಅವಳು ಒಮ್ಮೆ ಊಟದ ಹೊತ್ತಿಗೆ ಹೇಳಿದ್ದಳು. ಅದು ನನ್ನ ಮನಸ್ಸಿನಲ್ಲಿ ನಿಂತುಬಿಟ್ಟಿತ್ತು. ಆ ಅಮ್ಮ ನನ್ನ ಕೇಕನ್ನು ಆಸೆಪಟ್ಟು ತಿನ್ನಬೇಕು ಅನಿಸಿತು. ನಿಜ ಹೇಳಬೇಕೆಂದರೆ ಅದರಲ್ಲಿ ಪ್ರೀತಿಯ ಜೊತೆ ಜಂಬವೂ ಇತ್ತು. ಅಂಥ ಮನೆಯ ಅಮ್ಮ ನನ್ನ ಕೈಯದ್ದು ತಿಂದರೆ ಅದಕ್ಕಿಂತ ದೊಡ್ಡ ಬಿರುದು ಯಾವುದು?

ಮರುದಿನ ಅವಳು ಕುರ್ಚಿಯಲ್ಲಿ ಕೂರುವ ಮೊದಲೇ ಕೇಳಿದೆ.

"ಅಮ್ಮನಿಗೆ ಹಿಡಿಸಿತು ಮಾರಾಯ್ತಿ. ಸ್ವಲ್ಪ ಸೀಪೆ ಜಾಸ್ತಿ ಆಯ್ತಂತೆ" ಎಂದಳು.

ಮುಂದಿನ ವಾರ ಸಕ್ಕರೆ ಇಳಿಸಿದೆ. ಎಸೆನ್ಸಿನ ವಾಸನೆ ಅಮ್ಮನಿಗೆ ಆಗುವುದಿಲ್ಲವಂತೆ ಎಂದಳು. ವೆನಿಲಾ ಬಿಟ್ಟು ಏಲಕ್ಕಿ ಕುಟ್ಟಿ ಹಾಕಿದೆ. ಬೆಲ್ಲದಲ್ಲಿ ಮಾಡಿದರೆ ಹೇಗೆ ಎಂದು ಕೇಳಿದರಂತೆ. ಬೆಲ್ಲ ಕರಗಿಸಿ, ಸೋಸಿ, ತಣಿಸಿ, ತೆಂಗಿನಕಾಯಿಯ ತುರಿ ಸೇರಿಸಿ ಮಾಡಿದೆ. ಒಂದು ಕಡೆ ಕಂಡೂ ಇರದ ಹೆಂಗಸಿನ ನಾಲಿಗೆ, ಇನ್ನೊಂದು ಕಡೆ ನನ್ನ ಕೈ, ನಡುವೆ ಸುದ್ದಿ ಹೊತ್ತು ತರಲು ಇವಳು. ಹೀಗೆ ವರ್ಷಗಳೇ ಕಳೆದವು. "ಕಾರ್ಕಳದ ಅಮ್ಮನ ಬಾಯಿಗೆ ಬೇಕಾದ ಹಾಗೆ ಮಾಡುವುದು, ನಮ್ಮದೇನು ಬಾಯಿ ಅಲ್ವಾ?" ಎಂದು ಕಾಪುವಿನವರು ರೇಗಿಸುತ್ತಿದ್ದರು. ರೇಗಿಸುತ್ತಲೇ ಎರಡು ತುಂಡು ತೆಗೆದುಕೊಳ್ಳುತ್ತಿದ್ದರು.

ಎರಡು ಸಾವಿರದ ಇಸವಿ ದಾಟಿದ ಮೇಲೆ ಒಂದು ಬೇಸಿಗೆಯಲ್ಲಿ ಅವಳ ತಾಯಿ ಬಚ್ಚಲಲ್ಲಿ ಜಾರಿ ಬಿದ್ದು ಕಾಲು ನೋಯಿಸಿಕೊಂಡರು. ನೋಡಲು ಬರುತ್ತೇನೆ ಎಂದೆ. ಬೇಡ ಎಂದು ಅವಳು ಎರಡು ಸಲ ನೆಪ ಹೇಳಿದಳು. ನಾನು ಕೇಳುವವಳಲ್ಲ. ಒಂದು ರಜೆಯ ದಿನ ಬೆಲ್ಲದ ಕೇಕು ಮಾಡಿಕೊಂಡು, ಡಬ್ಬಿಯನ್ನು ಚೀಲದಲ್ಲಿಟ್ಟುಕೊಂಡು ಬಸ್ಸು ಹತ್ತಿದೆ. ಕಾರ್ಕಳ ಬಸ್‌ಸ್ಟ್ಯಾಂಡಿಗೆ ಅವಳೇ ಬಂದಿದ್ದಳು. ಮನೆಯ ದಾರಿಯಲ್ಲಿ ಅರ್ಧ ನಡೆದು ನಿಂತಳು.

"ಚೀಲದಲ್ಲಿ ಡಬ್ಬಿ ಉಂಟಾ?"

"ಉಂಟು. ಮತ್ತೆ ಬರಿಗೈಯಲ್ಲಿ ಬರುತ್ತಾರಾ?"

"ಅದನ್ನು ಒಳಗೆ ತೆಗೆಯಬೇಡ ಮಾರಾಯ್ತಿ." ಅವಳು ನೆಲ ನೋಡುತ್ತಾ ಹೇಳಿದಳು. "ಅಮ್ಮ ತಿಂದದ್ದೇ ಇಲ್ಲ. ನಾನು ಕೊಟ್ಟದ್ದೇ ಇಲ್ಲ. ಅಪ್ಪ ಇದ್ದಾಗಿನ ಕ್ರಮ ಅಮ್ಮನಿಗೆ ಈಗಲೂ ಹಾಗೆಯೇ ನಡೆಯಬೇಕು. ನಾನು ಹೊರಗೆ ತಿನ್ನುವುದು ಗೊತ್ತಾದರೂ ನೊಂದುಕೊಂಡಾರು. ಪ್ರತಿ ಸಲ ಆಚೆಮನೆಯ ಮಕ್ಕಳಿಗೆ ಕೊಟ್ಟು ಒಳಗೆ ಹೋಗುತ್ತಿದ್ದೆ. ನೀನು ಅಷ್ಟು ಆಸೆಯಿಂದ ಕೇಳುವಾಗ ಇಲ್ಲ ಅನ್ನಲಿಕ್ಕೆ ನನಗೆ ಬಾಯಿ ಬರಲಿಲ್ಲ."

ನನ್ನ ಮೈಯೆಲ್ಲ ಉರಿಯಿತು. ಹಾಗಾದರೆ ಆ ಸೀಪೆ, ಆ ಏಲಕ್ಕಿ, ಆ ಬೆಲ್ಲ ಎಲ್ಲ ಯಾರು ಹೇಳಿದ್ದು ಎಂದು ಕೇಳಿದೆ. ಅಮ್ಮ ತಿಂದರೆ ಹಾಗೆ ಹೇಳುತ್ತಿದ್ದರು ಅನಿಸಿತು, ಅದಕ್ಕೆ ಹೇಳಿದೆ ಎಂದಳು. ಅವಳ ಕಣ್ಣು ತುಂಬಿತ್ತು. ವಾಪಸು ಹೋಗೋಣವೆಂದರೆ ಮನೆ ಎದುರಿಗೇ ಕಾಣುತ್ತಿತ್ತು. ಹೋದೆ.

ಅವಳ ತಾಯಿ ಜಗಲಿಯ ಬೆಂಚಿನಲ್ಲಿ ಕಾಲು ಚಾಚಿಕೊಂಡು ಕುಳಿತಿದ್ದರು. ಸಣ್ಣ ದೇಹ, ಚುರುಕು ಕಣ್ಣು. "ಬಾ ಮಗಾ, ಇವಳ ಬಾಯಲ್ಲಿ ದಿನಾ ನಿನ್ನದೇ ಸುದ್ದಿ" ಎಂದು ಪಕ್ಕದಲ್ಲೇ ಕೂರಿಸಿಕೊಂಡರು. ಮಗಳ ಕೈಯಲ್ಲಿ ಅವಲಕ್ಕಿ, ಕಾಫಿ ತರಿಸಿದರು. ಆಮೇಲೆ ಕೇಳಿದರು, "ನೀನು ಕೇಕು ಮಾಡುತ್ತೀಯಂತೆ. ಅದು ಹೇಗೆ ಏಳುವುದು? ಇಡ್ಲಿಯ ಹಾಗೆ ಹುಳಿ ಬರಬೇಕಾ?"

"ಇಲ್ಲ, ಸೋಡಾ ಹಾಕುವುದು" ಎಂದೆ.

"ಬೆಂದದ್ದು ಹೇಗೆ ಗೊತ್ತಾಗುವುದು?"

"ಕಡ್ಡಿ ಚುಚ್ಚಿ ನೋಡುವುದು."

ಅವರು ಒಂದೊಂದನ್ನೇ ಕೇಳುತ್ತಿದ್ದರು. ನಾನು ತುಂಡು ತುಂಡಾಗಿ ಉತ್ತರ ಕೊಡುತ್ತಿದ್ದೆ. ಬೇರೆ ದಿನವಾಗಿದ್ದರೆ ಒಂದು ಗಂಟೆ ಪಾಠ ಮಾಡುತ್ತಿದ್ದವಳು ನಾನು. ಅವತ್ತು ಸಿಟ್ಟು ಇಳಿದಿರಲಿಲ್ಲ. ತಿನ್ನದವರಿಗೆ ಕೇಳಿ ಏನಾಗಬೇಕು ಎಂದುಕೊಂಡೆ. ಚೀಲ ನನ್ನ ಕಾಲ ಬುಡದಲ್ಲೇ ಇತ್ತು. ನಡುವೆ ಅವರು, "ಏಲಕ್ಕಿ ಪರಿಮಳ ಎಲ್ಲಿಂದ?" ಎಂದರು. "ನಮ್ಮ ಅಡಿಗೆಮನೆಯಿಂದಲೇ ಇರಬೇಕಮ್ಮ" ಎಂದಳು ಮಗಳು. ಅಮ್ಮ ಮತ್ತೇನೂ ಕೇಳಲಿಲ್ಲ. ನಾನೂ ಬಗ್ಗಿ ಚೀಲಕ್ಕೆ ಕೈ ಹಾಕಲಿಲ್ಲ. ಹೊರಡುವಾಗ ಅವರು ನನ್ನ ಕೈ ಹಿಡಿದು, ಇನ್ನೊಮ್ಮೆ ಬಾ ಎಂದರು. ಆ ಡಬ್ಬಿಯನ್ನು ಹಾಗೆಯೇ ಶಿರ್ವಕ್ಕೆ ವಾಪಸು ತಂದೆ.

ನಾನು ಅವಳೊಡನೆ ಜಗಳವಾಡಲಿಲ್ಲ. ಒಂದು ತಿಂಗಳು ಬಿಗಿಯಾಗಿದ್ದೆ, ಆಮೇಲೆ ಸರಿಹೋದೆ. ಎಷ್ಟೆಂದರೂ ಅವಳು ನನ್ನ ಮನಸ್ಸು ನೋಯಬಾರದೆಂದೇ ಸುಳ್ಳು ಹೇಳಿದ್ದು. ಸೋಮವಾರದ ಡಬ್ಬಿ ನಡೆಯಿತು, ಅವಳು ತಿಂದಳು. ಅಮ್ಮನಿಗೆ ಎಂದು ಕಟ್ಟಿಕೊಡುವುದು ಮಾತ್ರ ನಿಂತಿತು. ಕುಕ್ಕುಂದೂರಿಗೆ ಇನ್ನೊಮ್ಮೆ ನಾನು ಹೋಗಲೂ ಇಲ್ಲ.

ಕೆಲವು ವರ್ಷಗಳ ಮೇಲೆ ಆ ಅಮ್ಮನನ್ನೇ ಮಣಿಪಾಲದ ಆಸ್ಪತ್ರೆಗೆ ಸೇರಿಸಿದರು. ಗಂಟಲಿನ ಕಾಯಿಲೆ. ಮೆಲ್ಲಗೆ ಮಾತಾಡುತ್ತಿದ್ದರು, ನುಂಗಲು ಆಗುತ್ತಿರಲಿಲ್ಲ. ಗಂಜಿಯ ತಿಳಿ ಕೂಡ ಮೂಗಿನ ನಳಿಕೆಯಲ್ಲೇ ಹೋಗಬೇಕಿತ್ತು. ಮಧ್ಯಾಹ್ನದ ಬಿಡುವಿನಲ್ಲಿ ನೋಡಲು ಹೋದೆ. ಮಗಳು ನನ್ನನ್ನು ಕೂರಿಸಿ ಔಷಧ ತರಲು ಕೆಳಗೆ ಹೋದಳು.

"ಈಗಲೂ ಕೇಕು ಮಾಡುತ್ತೀಯಾ?" ಎಂದು ಕೇಳಿದರು.

ಮಾಡುತ್ತೇನೆ ಎಂದೆ.

"ಅವತ್ತು ನಿನ್ನ ಚೀಲದಲ್ಲಿ ಇತ್ತು, ಅಲ್ವಾ? ನೀನು ತೆಗೆಯುತ್ತೀಯೇನೋ ಎಂದು ನಾನು ನೋಡುತ್ತಲೇ ಇದ್ದೆ."

"ಕೊಟ್ಟಿದ್ದರೆ ತಿನ್ನುತ್ತಿದ್ದಿರಾ ಅಮ್ಮ?" ಎಂದು ಕೇಳಿದೆ.

"ತಿನ್ನದೆ ಮತ್ತೆ? ಮಡಿ ಎಲ್ಲ ಅವರದ್ದು ಮಗಾ. ಅವರು ಇರುವಷ್ಟು ದಿನ ಅವರಿಗಾಗಿ ನಡೆಸಿದೆ. ಅವರು ಹೋದ ಮೇಲೆ ಇವಳು ಹಿಡಿದುಕೊಂಡಳು. ನಿನಗೆ ಬೇಕಾ, ಬೇಡವಾ ಎಂದು ನನ್ನನ್ನು ಯಾರೂ ಕೇಳಲಿಲ್ಲ. ಆಚೆಮನೆಯ ಮಕ್ಕಳು ಬೇಲಿಯ ಹತ್ತಿರ ನಿಂತು ತಿನ್ನುವುದು ನನಗೆ ಕಾಣುತ್ತಿತ್ತು." ಸ್ವಲ್ಪ ಹೊತ್ತು ಉಸಿರು ತೆಗೆದುಕೊಂಡರು. ನಕ್ಕ ಹಾಗೆ ಕಂಡಿತು. "ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ."

"ನೀವೇ ಬಾಯಿಬಿಟ್ಟು ಕೇಳಬಹುದಿತ್ತಲ್ಲ ಅಮ್ಮ" ಎಂದೆ.

"ಅಷ್ಟು ಶ್ರದ್ಧೆಯಿಂದ ನನಗಾಗಿ ನಡೆಸುತ್ತಿದ್ದಾಳೆ. ನನಗೆ ಬೇಡ ಇದೆಲ್ಲ ಎಂದರೆ ಅವಳಿಗೆ ಹೇಗಾಗಬೇಡ? ನೀನೂ ಹೇಳಬೇಡ. ಈಗ ಹೇಳಿ ಪ್ರಯೋಜನವೂ ಇಲ್ಲ."

ಆಯಿತು ಎಂದೆ. ಅವರು ಕೇಕಿಗೆ ಏನೇನು ಹಾಕುತ್ತೀಯಾ ಎಂದು ಕೇಳಿದರು. ನಾನು ಮೊದಲಿನಿಂದ ಹೇಳತೊಡಗಿದೆ: ಬೆಲ್ಲವನ್ನು ಎಷ್ಟು ನೀರಿನಲ್ಲಿ ಕರಗಿಸುವುದು, ಕಾಯಿತುರಿಯನ್ನು ಯಾವಾಗ ಸೇರಿಸುವುದು, ಮೇಲ್ಭಾಗ ಕೆಂಪಾಗಲು ಎಷ್ಟು ಹೊತ್ತು. ಅವರು ಕಣ್ಣು ಮುಚ್ಚಿಕೊಂಡು ಕೇಳಿದರು. ಓವನ್ನಿನಿಂದ ತೆಗೆಯುವ ತನಕ ಬಂದಾಗ ಮಗಳು ಔಷಧ ಹಿಡಿದುಕೊಂಡು ಬಂದಳು. ನಾನು ಮಾತು ಬದಲಿಸಿದೆ.

ಅವರು ಮನೆಗೆ ಮರಳಲಿಲ್ಲ. ಸಮಾರಾಧನೆಯ ಊಟಕ್ಕೆ ನಾನೂ, ಆಗ ನಿವೃತ್ತರಾಗಿದ್ದ ಕಾಪುವಿನವರೂ ಒಟ್ಟಿಗೆ ಕುಕ್ಕುಂದೂರಿಗೆ ಹೋದೆವು. ಊಟವಾದ ಮೇಲೆ ಅವಳು ನಮ್ಮ ಹತ್ತಿರ ಬಂದು ಕುಳಿತಳು. ಅತ್ತು ಅತ್ತು ಮುಖ ಬಾತಿತ್ತು. ತಾಯಿಯ ಬಗ್ಗೆ ಕಾಪುವಿನವರು ಏನೋ ಕೇಳಿದರು.

"ಕೊನೆಯ ತನಕ ಹೊರಗಿನದ್ದು ಒಂದು ಚೂರು ಬಾಯಿಗೆ ಹಾಕಿದವರಲ್ಲ ನಮ್ಮ ಅಮ್ಮ" ಎಂದಳು. "ಬೇರೆ ಎಂತ ಸುಖ ಕೊಟ್ಟೆನೋ ಗೊತ್ತಿಲ್ಲ. ಅವರ ಆ ಒಂದು ಕ್ರಮಕ್ಕೆ ನಾನು ಭಂಗ ತರಲಿಲ್ಲ. ಅಷ್ಟಾದರೂ ಸಮಾಧಾನ ಉಂಟು." ಆಮೇಲೆ ನನ್ನ ಕಡೆ ತಿರುಗಿದಳು. "ಅಲ್ವಾ ಮಾರಾಯ್ತಿ? ನಿನಗೆ ಗೊತ್ತುಂಟಲ್ಲ."

"ಗೊತ್ತುಂಟು" ಎಂದೆ.